64 ಮುಖ, 10 ಸೆಕೆಂಡು, ಒಂದು ಬಡಪಾಯಿ ಸರ್ವರ್

ಸಾಗರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುವ ನಮ್ಮ ಮೇಷ್ಟ್ರು ಮಳೆಗಾಲದ ಹೊಸ್ತಿಲಲ್ಲಿ ಫೋನ್ ಮಾಡಿದರು. ನಾನೂ ಅವರ ಹತ್ತಿರವೇ ಓದಿದವನು. ಮಳೆ ಹಿಡಿದರೆ ದೂರದ ಹಳ್ಳಿ ಮಕ್ಕಳು ಪೇಟೆಗೆ ಬರುವುದು ಕಷ್ಟ. ಹಾಗಾಗಿ ಪಾಠ ಆನ್‌ಲೈನ್. ಎಲ್ಲರೂ ವಿಡಿಯೊ ಹಾಕಿಕೊಂಡರೆ ನೆಟ್ ಸಾಯುತ್ತದೆ. ಯಾರೂ ಹಾಕದಿದ್ದರೆ ಗೋಡೆಗೆ ಪಾಠ ಹೇಳಿದ ಹಾಗಾಗುತ್ತದೆ.

"ಮುಖ ಕಂಡ್ರೆ ಸಾಕು ಮಾರಾಯ, ಅಲ್ಲಾಡೋದು ಬೇಡ" ಅಂದರು.

ಇಡೀ ಕೆಲಸದ ವಿವರ ಇಷ್ಟೇ. ಪ್ರತಿ 10 ಸೆಕೆಂಡಿಗೆ ಪ್ರತಿ ಮಗುವಿನ ಒಂದು ಫೋಟೊ. ಅದೆಲ್ಲ ಸೇರಿ ಒಂದು ಮುಖಗಳ ಗೋಡೆ. ಮೇಷ್ಟ್ರ ವಿಡಿಯೊ, ಎಲ್ಲರ ಧ್ವನಿ ಮಾಮೂಲಿನಂತೆ. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು.

ನನ್ನ ಹತ್ತಿರ ಬಾಡಿಗೆಯ ಸರ್ವರ್ ಒಂದಿತ್ತು. 2 ಕೋರ್, 4 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್. ಅದರ ಮೇಲೆ ಜಿಟ್ಸಿ ಮೀಟ್ ಅನ್ನುವ ವಿಡಿಯೊ ಸಭೆಯ ತಂತ್ರಾಂಶ ಹಾಕಿದೆ. ಜಿಟ್ಸಿಯ ವಿಡಿಯೊಬ್ರಿಡ್ಜ್ ಅನ್ನುವ ಭಾಗ ಬಂದ ವಿಡಿಯೊಗಳನ್ನು ಬಿಚ್ಚಿ ಬೆರೆಸುವುದಿಲ್ಲ. ಬಂದ ಪ್ಯಾಕೆಟ್ಟನ್ನು, ಅಂದರೆ ಡೇಟಾದ ಸಣ್ಣ ತುಂಡನ್ನು, ಉಳಿದವರಿಗೆ ಹಂಚುತ್ತದೆ, ಅಷ್ಟೆ. ಅದಕ್ಕೇ ಇಂಥ ಸಣ್ಣ ಸರ್ವರ್ ಮೇಲೂ ಒಬ್ಬರ ವಿಡಿಯೊ, ಒಂದಷ್ಟು ಜನರ ಧ್ವನಿ ಆರಾಮಾಗಿ ಓಡುತ್ತದೆ. ನಾನೊಂದು ಪುಟ ಮಾಡಿ ಅದರ ಒಳಗೆ ಜಿಟ್ಸಿಯನ್ನು ಕೂರಿಸಿದೆ. ಮಕ್ಕಳ ಕ್ಯಾಮೆರಾ ಜಿಟ್ಸಿಯೊಳಗೆ ಆಫ್. ಹೊರಗಿನ ಪುಟವೇ ಕ್ಯಾಮೆರಾ ತೆರೆದು, ಒಂದು ಫ್ರೇಮನ್ನು ಬ್ರೌಸರಿನೊಳಗಿನ ಕ್ಯಾನ್ವಾಸ್ ಅನ್ನುವ ಚಿತ್ರದ ಹಾಳೆ ಮೇಲೆ ಬಿಡಿಸಿ, ಜೆಪೆಗ್ ಫೋಟೊ ಮಾಡಿ ಕಳಿಸುತ್ತದೆ. ಈ ಕಡೆ ಸರ್ವರ್ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದನ್ನು ಡಿಸ್ಕಿಗೆ ಬರೆಯುತ್ತದೆ. ಮುಂದುಗಡೆ, ಬಂದದ್ದನ್ನು ಬರಮಾಡಿಕೊಂಡು ಒಳಗೆ ದಾಟಿಸಲು, ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್.

ಮೊದಲ ದಿನವೇ ಒಂದು ಅತಿಬುದ್ಧಿವಂತಿಕೆ ಮಾಡಿದ್ದೆ. ಫೋನಿನ ಬ್ಯಾಟರಿ ಉಳಿಯಲಿ ಅಂತ ಪ್ರತಿ ಸಲವೂ ಕ್ಯಾಮೆರಾ ತೆರೆದು, ಒಂದು ಫೋಟೊ ತೆಗೆದು, ಮುಚ್ಚುವ ಹಾಗೆ ಬರೆದಿದ್ದೆ. ಮೇಷ್ಟ್ರ ಮೆಸೇಜ್ ಬಂತು: "ಎಲ್ಲರ ಮನೇಲೂ ಕರೆಂಟ್ ಹೋಗಿದ್ಯಾ?" ನೋಡಿದರೆ ಎಲ್ಲ ಫೋಟೊಗಳೂ ಕರ‍್ರಗೆ. ಕ್ಯಾಮೆರಾ ತೆರೆದ ತಕ್ಷಣ ಬರುವ ಫ್ರೇಮ್‌ಗಳು ಕತ್ತಲೆಯಾಗಿಯೇ ಇರುತ್ತವೆ. ಬೆಳಕಿಗೆ ಹೊಂದಿಕೊಳ್ಳಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಜೊತೆಗೆ ಲ್ಯಾಪ್‌ಟಾಪ್ ಇದ್ದವರಿಗೆ ಕ್ಯಾಮೆರಾ ಪಕ್ಕದ ದೀಪ 10 ಸೆಕೆಂಡಿಗೊಮ್ಮೆ ಮಿಣಕ್ ಮಿಣಕ್. ಒಬ್ಬ ಹುಡುಗನ ಅಮ್ಮ ವೈರಸ್ ಬಂದಿದೆ ಅಂತ ಲ್ಯಾಪ್‌ಟಾಪನ್ನೇ ಮುಚ್ಚಿಟ್ಟಿದ್ದರಂತೆ. ಕ್ಯಾಮೆರಾ ಪಾಠ ಮುಗಿಯುವ ತನಕ ತೆರೆದೇ ಇರಲಿ ಅಂತ ಬದಲಾಯಿಸಿದೆ.

ಅಸಲಿ ತೊಂದರೆ ಎರಡನೇ ದಿನ ಶುರುವಾಯಿತು. ಮೇಷ್ಟ್ರ ಧ್ವನಿ ಕಡಿಯುತ್ತಿತ್ತು. ಸುಮ್ನೆ ಕಡಿಯುವುದಲ್ಲ, ತಾಳ ಹಾಕಿದ ಹಾಗೆ. "ಕಾಂತೀಯ ಅಭಿವಾಹ ಎಷ್ಟು ಬೇಗ ಬದಲಾಗ್ತದೋ..." ಅಂತ ಶುರು ಮಾಡುತ್ತಿದ್ದರು, ನಡುವೆ ಒಂದು ಗರಗರ, ಆಮೇಲೆ "...ಅರ್ಥ ಆಯ್ತಲ?" ನಾನೂ ಒಂದು ಕಿಟಕಿಯಲ್ಲಿ ವಿದ್ಯಾರ್ಥಿಯಾಗಿ ಕೂತು ಗಡಿಯಾರ ಹಿಡಿದೆ. ಸರಿಯಾಗಿ 10 ಸೆಕೆಂಡಿಗೊಮ್ಮೆ.

ಇನ್ನೊಂದು ಕಿಟಕಿಯಲ್ಲಿ ಸರ್ವರ್ ತೆರೆದು, ಅದು ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಎಂಸ್ಟ್ಯಾಟ್ ಓಡಿಸಿದೆ. ಸೆಕೆಂಡಿಗೊಂದು ಸಾಲು ಬೀಳುತ್ತಾ ಹೋಗುತ್ತದೆ. ಎಂಟು ಸಾಲು ಸಿಪಿಯು ಸುಮಾರಾಗಿ ಖಾಲಿ. ಒಂಬತ್ತು, ಹತ್ತನೇ ಸಾಲಿನಲ್ಲಿ ಖಾಲಿ ಅನ್ನುವ ಕಾಲಮ್ಮು ಸೊನ್ನೆ. ಮತ್ತೆ ಎಂಟು ಸಾಲು ಶಾಂತ. ಸರಾಸರಿ ನೋಡಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಸರಾಸರಿಯಲ್ಲಿ ಸರ್ವರ್ ಆರಾಮಾಗಿಯೇ ಇತ್ತು.

ತಪ್ಪು ನನ್ನದೇ. ಎಲ್ಲರ ಫೋಟೊ ಒಂದೇ ಕ್ಷಣದ್ದು ಇರಲಿ, ಗ್ರೂಪ್ ಫೋಟೊ ತರ ಚೆನ್ನಾಗಿರುತ್ತದೆ ಅಂತ ಸರ್ವರ್‌ನಿಂದ ವೆಬ್‌ಸಾಕೆಟ್ ಅನ್ನುವ ಸದಾ ತೆರೆದ ಸಂಪರ್ಕದ ಮೂಲಕ "ಕ್ಲಿಕ್" ಅನ್ನುವ ಸಂದೇಶ ಕಳಿಸುತ್ತಿದ್ದೆ. 64 ಫೋನುಗಳೂ ಒಟ್ಟಿಗೆ ಕ್ಲಿಕ್ಕಿಸಿ ಒಟ್ಟಿಗೆ ಕಳಿಸುತ್ತಿದ್ದವು. ಬಸ್ ಬಂದ ತಕ್ಷಣ ಇಡೀ ನಿಲ್ದಾಣ ಒಂದೇ ಬಾಗಿಲಿಗೆ ನುಗ್ಗಿದ ಹಾಗೆ. ಧ್ವನಿಯ ಪ್ಯಾಕೆಟ್‌ಗಳೂ ಅದೇ ನೂಕುನುಗ್ಗಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಫೋಟೊ ಅರ್ಧ ಸೆಕೆಂಡು ತಡವಾದರೆ ಯಾರಿಗೂ ಗೊತ್ತಾಗಲ್ಲ. ಧ್ವನಿ ಅರ್ಧ ಸೆಕೆಂಡು ತಡವಾದರೆ ಅದನ್ನು ಎಸೆಯುವುದೇ ಸರಿ. ಆ ಗರಗರ ಅಂದರೆ ಅದೇ.

"ಕ್ಲಿಕ್" ಸಂದೇಶ ತೆಗೆದುಹಾಕಿದೆ. ಈಗ ಪ್ರತಿ ಫೋನೂ ಒಳಗೆ ಬಂದಾಗ 0ಯಿಂದ 10 ಸೆಕೆಂಡಿನ ಒಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಕಾದು ಶುರು ಮಾಡುತ್ತದೆ, ಆಮೇಲೆ ತನ್ನ ಪಾಡಿಗೆ ತಾನು 10 ಸೆಕೆಂಡಿಗೊಂದು. ಬದಲಾದದ್ದು ಹೆಚ್ಚೆಂದರೆ ಐದು ಸಾಲು ಕೋಡ್. ತಾಳ ನಿಂತಿತು.

ಆದರೆ ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಅಂತಾರಲ್ಲ, ಹಾಗಾಯಿತು. ಸಿಪಿಯು ಈಗ ಜಿಗಿಯುತ್ತಿರಲಿಲ್ಲ ನಿಜ, ಆದರೆ ಉದ್ದಕ್ಕೂ ಬಿಸಿಯಾಗಿಯೇ ಇತ್ತು. ಅದಕ್ಕಿಂತ ವಿಚಿತ್ರ ಇನ್ನೊಂದು. ಪಾಠ ಶುರುವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಪೇಟೆಯೊಳಗೆ ಒಳ್ಳೆ ಸಿಗ್ನಲ್ ಇದ್ದವರು ಮೊದಲು! ಗುಡ್ಡ ಹತ್ತಿ ಕೂತ ಹಳ್ಳಿ ಹುಡುಗರು ಕೊನೆ ತನಕ ಇರುತ್ತಿದ್ದರು. ಎರಡು ದಿನ ತಲೆ ಕೆಡಿಸಿಕೊಂಡು ಜಿಟ್ಸಿಯ ಲಾಗ್, ಅಂದರೆ ಅದು ಬರೆದಿಡುವ ದಿನಚರಿ, ಓದಿದೆ. ಅಲ್ಲಿ ಏನೂ ಇರಲಿಲ್ಲ.

ಗಂಟು ಬಿಡಿಸಿದ್ದು ಮೇಷ್ಟ್ರೇ. ನಾನು ಫೋನಿನಲ್ಲಿ ನನ್ನ ಪ್ರತಾಪ ಹೇಳುತ್ತಿದ್ದೆ, "ಸರ್, 10 ಸೆಕೆಂಡಿಗೆ 64 ಫೋಟೊ ಅಷ್ಟೇ ಬರೋದು, ಸೆಕೆಂಡಿಗೆ ಆರೂವರೆ, ಅದು ಲೆಕ್ಕಕ್ಕೇ ಇಲ್ಲ" ಅಂತ.

"ಬರೋದು ಸರಿ. ಹೋಗೋದೆಷ್ಟು?" ಅಂದರು. "ಒಬ್ಬೊಬ್ಬರೂ ಉಳಿದೆಲ್ಲರ ಮುಖ ನೋಡ್ತಾರಲ? ಕೈ ಕುಲುಕೋ ಲೆಕ್ಕ ಮಾರಾಯ ಇದು. ನಿಂಗೆ ನಾನೇ ಹೇಳ್ಕೊಟ್ಟಿದ್ದು."

ಕಾಗದ ತೆಗೆದುಕೊಂಡು ಕೂತೆ. 64 ಮಕ್ಕಳು, ಒಬ್ಬರು ಮೇಷ್ಟ್ರು. 65 ಪರದೆ, ಪ್ರತಿ ಪರದೆಯಲ್ಲೂ 64 ಫೋಟೊ. 10 ಸೆಕೆಂಡಿಗೆ 4,160 ಬೇಡಿಕೆ, ಅಂದರೆ ಸೆಕೆಂಡಿಗೆ 416. ನಾನು ಆರೂವರೆಯನ್ನು ನೋಡುತ್ತಾ ಕೂತಿದ್ದೆ. ಒಂದು ಫೋಟೊ ಸುಮಾರು 60 ಕೆಬಿ ಇತ್ತು. ಒಂದು ಮಗುವಿನ ಫೋನಿಗೆ 10 ಸೆಕೆಂಡಿಗೆ 64 ಗುಣಿಸು 60, ಹತ್ತಿರ ಹತ್ತಿರ 3.8 ಎಂಬಿ. ಒಂದೂವರೆ ಗಂಟೆಯ ಪಾಠದಲ್ಲಿ ಇಂಥ 540 ಸುತ್ತು. ಒಟ್ಟು 2 ಜಿಬಿ.

ಮಕ್ಕಳ ಫೋನಿನಲ್ಲಿರುವುದು ದಿನಕ್ಕೆ 1.5 ಜಿಬಿಯ ಪ್ಯಾಕು. ಭಾಗಿಸಿದರೆ ಸುಮಾರು 65ನೇ ನಿಮಿಷಕ್ಕೆ ಖಾಲಿ. ಒಳ್ಳೆ ಸಿಗ್ನಲ್ ಇದ್ದವರ ಫೋನು ಎಲ್ಲ ಫೋಟೊಗಳನ್ನೂ ಪಟಪಟ ಇಳಿಸಿಕೊಂಡು ಅಷ್ಟೇ ಬೇಗ ಪ್ಯಾಕ್ ಮುಗಿಸುತ್ತಿತ್ತು. ಗುಡ್ಡದ ಹುಡುಗನಿಗೆ ಅರ್ಧ ಫೋಟೊ ಇಳಿಯುತ್ತಲೇ ಇರಲಿಲ್ಲ, ಹಾಗಾಗಿ ಅವನ ಡೇಟಾ ಉಳಿಯುತ್ತಿತ್ತು. ಡೇಟಾ ಉಳಿಸಬೇಕು ಅಂತ ವಿಡಿಯೊ ಬಿಟ್ಟು ಫೋಟೊಗೆ ಬಂದವರು ನಾವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲು ಸುಲಭದ ಕೆಲಸ, ಫೋಟೊ ಸಣ್ಣದು ಮಾಡುವುದು. 640 ಗುಣಿಸು 480 ಅಳತೆ ಯಾಕೆ ಇಟ್ಟಿದ್ದೆನೋ ನನಗೇ ಗೊತ್ತಿಲ್ಲ. ಪರದೆಯಲ್ಲಿ ಕಾಣುವುದು ಅಂಚೆ ಚೀಟಿಯಷ್ಟು. 256 ಗುಣಿಸು 192ಕ್ಕೆ ಇಳಿಸಿದೆ, ಗುಣಮಟ್ಟ 0.6. ಅಷ್ಟು ದಿನ ಫೋಟೊವನ್ನು ಬೇಸ್64 ಅನ್ನುವ ಅಕ್ಷರಮಾಲೆ ಮಾಡಿ ಜೇಸನ್ ಅನ್ನುವ ಪಠ್ಯದ ಒಳಗೆ ತುರುಕಿ ಕಳಿಸುತ್ತಿದ್ದೆ. ಅದರಿಂದ ಗಾತ್ರ ಮೂರನೇ ಒಂದು ಭಾಗ ಹೆಚ್ಚುತ್ತದೆ. ಅದನ್ನೂ ಬಿಟ್ಟು ನೇರ ಬೈಟುಗಳನ್ನೇ ಕಳಿಸಿದೆ.

ಇನ್ನೂ ಉಳಿಸೋಣ ಅಂತ ಜೆಪೆಗ್ ಬದಲು, ಇನ್ನಷ್ಟು ಹಿಂಡುವ ವೆಬ್‌ಪಿ ಬಗೆಯ ಫೋಟೊ ಹಾಕಿದೆ. ನನ್ನ ಕ್ರೋಮ್‌ನಲ್ಲಿ ಫೋಟೊ 5 ಕೆಬಿಗೆ ಇಳಿಯಿತು, ಖುಷಿಯಾಗಿ ಮಲಗಿದೆ. ಮಾರನೇ ದಿನ ನೋಡಿದರೆ 60 ಮಕ್ಕಳದ್ದು 5 ಕೆಬಿ, ನಾಲ್ಕು ಮಕ್ಕಳದ್ದು 90 ಕೆಬಿ! ಹೆಸರಿನ ಕೊನೆಯಲ್ಲಿ ವೆಬ್‌ಪಿ ಅಂತಲೇ ಇದೆ. ಒಳಗಿರುವುದು ಯಾವ ಬಗೆ ಅಂತ ಫೈಲ್ ಅನ್ನುವ ಕಮ್ಯಾಂಡ್ ಕೊಟ್ಟು ಕೇಳಿದೆ, ಅದು ಪಿಎನ್‌ಜಿ ಅಂದಿತು, ಅಂದರೆ ಏನೂ ಕಳೆಯದೆ ಇಡುವ ದೊಡ್ಡ ಗಾತ್ರದ ಬಗೆ. ನಾಲ್ವರದ್ದೂ ಐಫೋನ್. ಐಫೋನಿನ ಬ್ರೌಸರ್ ಸಫಾರಿಗೆ ವೆಬ್‌ಪಿ ತೋರಿಸಲು ಬರುತ್ತದೆ, ಕ್ಯಾನ್ವಾಸ್‌ನಿಂದ ವೆಬ್‌ಪಿ ಮಾಡಲು ಬರುವುದಿಲ್ಲ. ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ. ಗೊತ್ತಿಲ್ಲದ ಬಗೆ ಕೇಳಿದರೆ ಪಿಎನ್‌ಜಿ ಕೊಡು ಅಂತ ನಿಯಮವೇ ಇದೆ, ಅದು ನಿಯಮ ಪಾಲಿಸಿತು. ಮಾಡಿ ಕೊಟ್ಟ ಫೋಟೊದ ಬಗೆ ಯಾವುದು ಅಂತ ನಾನು ಒಂದು ಸಾಲು ಪರೀಕ್ಷೆ ಬರೆಯಬೇಕಿತ್ತು. ಎರಡು ಬಗೆ ಸಂಭಾಳಿಸುವ ಉಸಾಬರಿಯೇ ಬೇಡ ಅಂತ ಎಲ್ಲರಿಗೂ ಜೆಪೆಗ್‌ಗೇ ಮರಳಿದೆ. 7 ಕೆಬಿ. ಸಾಕು.

ಫೋಟೊ ಸಣ್ಣದಾದ ಮೇಲೆ ಕೇಳದೇ ಒಂದು ಲಾಭವೂ ಸಿಕ್ಕಿತು. ಎಂಜಿನ್‌ಎಕ್ಸ್ ತನ್ನ ಹತ್ತಿರ ಬಂದದ್ದು 16 ಕೆಬಿಗಿಂತ ದೊಡ್ಡದಿದ್ದರೆ ಅದನ್ನು ಮೊದಲು ಡಿಸ್ಕಿನ ಒಂದು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಹಿಂದಿನ ಪ್ರೋಗ್ರಾಂಗೆ ಕೊಡುತ್ತದೆ. ಅಂದರೆ ಇಷ್ಟು ದಿನ ಪ್ರತಿ ಫೋಟೊವನ್ನೂ ಡಿಸ್ಕಿಗೆ ಎರಡೆರಡು ಸಲ ಬರೆಯುತ್ತಿದ್ದೆ. ಎಚ್ಚರಿಕೆಗಳೂ ಲಾಗ್‌ಗೆ ಬರಲಿ ಅಂತ ಮಟ್ಟ ಇಳಿಸಿದ ಮೇಲೆ ಹಳೇ ಗಾತ್ರದಲ್ಲಿ ಒಂದು ಸಲ ಓಡಿಸಿ ನೋಡಿದೆ. ಸಾಲು ಸಾಲು ಅದೇ ದೂರು. 7 ಕೆಬಿಗೆ ಅದು ಗಪ್‌ಚುಪ್.

ಆದರೂ ಸೆಕೆಂಡಿಗೆ 416 ಬೇಡಿಕೆ ಹಾಗೇ ಉಳಿದಿತ್ತಲ್ಲ.

ಇಲ್ಲಿ ನಾನು ಒಂದು ವಾರ ದಾರಿ ತಪ್ಪಿದೆ. ಮಗು ಅಲ್ಲಾಡದೆ ಕೂತಿದ್ದರೆ ಹೊಸ ಫೋಟೊ ಯಾಕೆ ಕಳಿಸಬೇಕು ಅನ್ನಿಸಿತು. ಫೋಟೊವನ್ನು 16 ಗುಣಿಸು 12 ಚುಕ್ಕೆಗೆ ಕುಗ್ಗಿಸಿ, ಬಣ್ಣ ತೆಗೆದು, ಹಿಂದಿನದರ ಜೊತೆ ಹೋಲಿಸುವ ಕೋಡ್ ಬರೆದೆ. ನನ್ನ ಮೇಜಿನ ಮೇಲೆ ಚೆನ್ನಾಗಿ ಓಡಿತು. ಮಕ್ಕಳ ಮನೆಯಲ್ಲಿ ತಲೆ ಮೇಲೆ ಫ್ಯಾನ್ ತಿರುಗುತ್ತದೆ, ಟ್ಯೂಬ್‌ಲೈಟಿಗೆ ಅಡ್ಡ ಬಂದು ನೆರಳು ಓಡುತ್ತದೆ, ಮೋಡ ಬಂದು ಹೋಗುತ್ತದೆ. ಎಲ್ಲವೂ "ಬದಲಾವಣೆ"ಯೇ. ಎಷ್ಟು ಬದಲಾದರೆ ಲೆಕ್ಕ ಅನ್ನುವ ಗೆರೆ ಸಡಿಲ ಮಾಡಿದರೆ ಮಗು ಎದ್ದು ಹೋದದ್ದೂ ಗೊತ್ತಾಗಲ್ಲ. ಅಷ್ಟೆಲ್ಲ ಮಾಡಿದ್ದು ಯಾವ ಕಡೆಯ ಹೊರೆ ಇಳಿಸಲು? ಸೆಕೆಂಡಿಗೆ ಆರೂವರೆ ಇದ್ದ ಕಡೆಯದ್ದು. ಸೋರುವ ಬಾನಿ ಬಿಟ್ಟು ನಲ್ಲಿ ತಿರುವುತ್ತಾ ಕೂತಿದ್ದೆ. ಆ ಕೋಡ್ ಪೂರ್ತಿ ಕಿತ್ತು ಹಾಕಿದೆ.

ಸರಿ, ಮಕ್ಕಳಿಗೆ ಮಕ್ಕಳ ಮುಖ ತೋರಿಸುವುದನ್ನೇ ನಿಲ್ಲಿಸೋಣ, ಮೇಷ್ಟ್ರಿಗೆ ಮಾತ್ರ ಕಂಡರೆ ಸಾಲದೇ? ಒಂದು ದಿನ ಹಾಗೇ ಮಾಡಿದೆ. ಸರ್ವರ್ ನಿದ್ದೆ ಹೋಯಿತು. ಆದರೆ ಪಾಠ ಮುಗಿದ ಮೇಲೆ ಮಕ್ಕಳೇ ಮೇಷ್ಟ್ರ ಹತ್ತಿರ ಜಗಳ ತೆಗೆದರಂತೆ, "ಒಬ್ಬರೇ ಕೂತ ಹಾಗಾಗತ್ತೆ ಸರ್" ಅಂತ. ಮುಖ ಬೇಕು. ಆದರೆ 10 ಸೆಕೆಂಡಿಗೊಮ್ಮೆ ಬೇಕಾ? ಒಂದೊಂದೂ ಬೇರೆ ಬೇರೆ ಫೈಲಾಗಿ ಬೇಕಾ?

ಅಲ್ಲಿಂದ ದಾರಿ ತೆರೆಯಿತು. ಶಾಲೆಯ ಗ್ರೂಪ್ ಫೋಟೊ ಹಾಗೆ ಎಲ್ಲರನ್ನೂ ಒಂದೇ ಹಾಳೆಯಲ್ಲಿ ಕೂರಿಸುವುದು. ಸರ್ವರ್ 10 ಸೆಕೆಂಡಿಗೊಮ್ಮೆ ಎಲ್ಲರ ಕೊನೆಯ ಫೋಟೊ ತೆಗೆದುಕೊಂಡು, 128 ಗುಣಿಸು 96ಕ್ಕೆ ಕುಗ್ಗಿಸಿ, 8 ಸಾಲು 8 ಕಾಲಮ್ಮಿನಲ್ಲಿ ಅಂಟಿಸಿ, 1024 ಗುಣಿಸು 768ರ ಒಂದು ಜೆಪೆಗ್ ಮಾಡುತ್ತದೆ. ನೋಡ್‌ನ ಶಾರ್ಪ್ ಲೈಬ್ರರಿ ಇದನ್ನು ಮಾಡಿ ಕೊಡುತ್ತದೆ. ಹಾಳೆಯ ಗಾತ್ರ ಸುಮಾರು 120 ಕೆಬಿ. ಮೇಷ್ಟ್ರಿಗೆ ಪ್ರತಿ ಹಾಳೆಯೂ ಹೋಗುತ್ತದೆ. ಮಕ್ಕಳಿಗೆ ಮೂರರಲ್ಲಿ ಒಂದು, ಅಂದರೆ ಅರ್ಧ ನಿಮಿಷಕ್ಕೊಮ್ಮೆ. ಮೇಷ್ಟ್ರು ಒಂದು ಮುಖದ ಮೇಲೆ ಒತ್ತಿದರೆ ಆ ಮಗುವಿನ 7 ಕೆಬಿಯ ಫೋಟೊ ಬೇರೆಯಾಗಿ ಬರುತ್ತದೆ. ಹಾಳೆ ತರಲು ಹೋಗುವಾಗಲೂ ಫೋನುಗಳು ಒಟ್ಟಿಗೆ ನುಗ್ಗದ ಹಾಗೆ ಅದೇ ಚೀಟಿ ಎತ್ತುವ ಉಪಾಯ.

ಮತ್ತೆ ಕಾಗದ. 10 ಸೆಕೆಂಡಿಗೆ ಹೋಗುವ ಹಾಳೆಗಳು ಮೇಷ್ಟ್ರಿಗೊಂದು, ಮಕ್ಕಳಿಗೆ ಸರಾಸರಿ 21. 4,160 ಇದ್ದದ್ದು 22ಕ್ಕೆ ಬಂತು. ಒಂದು ಮಗುವಿಗೆ ಇಡೀ ಪಾಠಕ್ಕೆ ಇಳಿಯುವ ಮುಖಗಳ ಡೇಟಾ 2 ಜಿಬಿಯಿಂದ 22 ಎಂಬಿಗೆ. ಡೇಟಾ ಇಳಿದದ್ದು ಹೆಚ್ಚಾಗಿ ಫೋಟೊ ಹಿಂಡಿದ್ದರಿಂದ. ಬೇಡಿಕೆ ಇಳಿದದ್ದು ಯಾರಿಗೆ ಎಷ್ಟು ಹೊತ್ತಿಗೆ ಏನು ಬೇಕು ಅಂತ ಕೇಳಿದ್ದರಿಂದ.

ಜೆಪೆಗ್ ಸಾಮಾನ್ಯವಾಗಿ ಒಳಗೊಳಗೆ 16 ಗುಣಿಸು 16ರ ತುಂಡುಗಳಲ್ಲಿ ಕೂತಿರುತ್ತದೆ. 128, 96 ಎರಡೂ 16ರಿಂದ ಭಾಗ ಹೋಗುತ್ತವೆ. ಹಾಗಾಗಿ ಫೋನೇ ಆ ಅಳತೆಯಲ್ಲಿ ಕಳಿಸಿದರೆ ಬಿಚ್ಚದೆಯೇ ತುಂಡುಗಳನ್ನು ಹೊಲಿಯಬಹುದು, ಸಿಪಿಯು ಇನ್ನೂ ಉಳಿಯುತ್ತದೆ. ಕೈ ತುರಿಸಿತು. ಆದರೆ ಹಾಳೆ ಮಾಡುವ ಕೆಲಸ, ಯಾವುದು ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮ್ಯಾಂಡಿನಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿಟ್ಟೆ.

ಹಾಳೆ ಬಂದ ಮೊದಲ ವಾರದಲ್ಲಿ ಒಬ್ಬ ಹುಡುಗ ಅರ್ಧ ಗಂಟೆ ಕೈ ಎತ್ತಿಕೊಂಡೇ ಇದ್ದ. ಮೇಷ್ಟ್ರು ಮೂರು ಸಲ "ಏನಪ್ಪಾ, ಕೇಳು" ಅಂದರೂ ಮಾತಿಲ್ಲ. ಅವನ ಫೋನಿನ ಚಾರ್ಜ್ ಮುಗಿದು ಎಷ್ಟೋ ಹೊತ್ತಾಗಿತ್ತು. ಸರ್ವರ್ ಮಾತ್ರ ಅವನ ಕೊನೆಯ ಫೋಟೊವನ್ನೇ ಹಾಳೆ ಹಾಳೆಗೂ ಅಂಟಿಸುತ್ತಿತ್ತು. 40 ಸೆಕೆಂಡಿನಿಂದ ಹೊಸ ಫೋಟೊ ಬರದಿದ್ದರೆ ಆ ಚೌಕ ಬೂದಿ ಬಣ್ಣಕ್ಕೆ ಹೋಗಲಿ ಅಂತ ಮಾಡಿದೆ. ಫೋನಿನಲ್ಲಿ ಬೇರೆ ಆಪ್‌ಗೆ ಹೋದವರೂ ಇದರಿಂದ ಬೂದಿಯಾಗುತ್ತಾರೆ, ಯಾಕೆಂದರೆ ಪುಟ ಹಿಂದೆ ಸರಿದರೆ ಅದರ ಕ್ಯಾಮೆರಾ ನಿಲ್ಲುತ್ತದೆ. ಮೇಷ್ಟ್ರಿಗೆ ಈ ಬೂದಿ ಚೌಕ ಬಹಳ ಇಷ್ಟವಾಯಿತು. ಮಕ್ಕಳಿಗೆ ಆಗಲಿಲ್ಲ.

ಎಲ್ಲ ಸರಿಹೋಯಿತು ಅಂತ ಉಳಿದ ಎರಡು ಬ್ಯಾಚುಗಳೂ ಬಂದವು. ನಾಲ್ಕನೇ ವಾರದ ಶನಿವಾರ, ಸಂಜೆ ಬ್ಯಾಚಿನ ನಡುವೆ ಎಲ್ಲ ಚೌಕವೂ ಒಟ್ಟಿಗೆ ಬೂದಿ. ಲಾಗ್‌ನಲ್ಲಿ "ಡಿಸ್ಕಿನಲ್ಲಿ ಜಾಗ ಇಲ್ಲ" ಅನ್ನುವ ಸಾಲು. ಖಾಲಿ ಜಾಗ ತೋರಿಸುವ ಡಿಎಫ್ ಕಮ್ಯಾಂಡ್ ಹಾಕಿದೆ, 11 ಜಿಬಿ ಖಾಲಿ ಇದೆ ಅಂತಿದೆ. ಫೈಲ್ ಮಾಡಲು ಹೋದರೆ ಜಾಗ ಇಲ್ಲ ಅಂತಿದೆ. ಒಂದು ನಿಮಿಷ ಸುಮ್ನೆ ಪರದೆ ನೋಡುತ್ತಾ ಕೂತೆ. ಆಮೇಲೆ ನೆನಪಾಗಿ ಡಿಎಫ್‌ಗೆ ಐ ಸೇರಿಸಿ ಹಾಕಿದೆ. ಐನೋಡ್, ಅಂದರೆ ಒಂದೊಂದು ಫೈಲಿಗೂ ಒಂದರಂತೆ ಬೇಕಾಗುವ ದಾಖಲೆಯ ಚೀಟಿ, 100 ಪರ್ಸೆಂಟ್ ಖರ್ಚಾಗಿದೆ.

ನನ್ನ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ ಇಎಕ್ಸ್‌ಟಿ4. ಅದರಲ್ಲಿ ಡಿಸ್ಕ್ ತಯಾರು ಮಾಡುವಾಗಲೇ ಎಷ್ಟು ಫೈಲ್ ಇಡಬಹುದು ಅನ್ನುವ ಎಣಿಕೆ ನಿಂತುಬಿಡುತ್ತದೆ. ನಾವು ಬೇರೆ ಹೇಳದಿದ್ದರೆ 16 ಕೆಬಿಗೆ ಒಂದು ಐನೋಡ್. 40 ಜಿಬಿಗೆ ಸುಮಾರು 26 ಲಕ್ಷ. ನಾನು ಪ್ರತಿ ಫೋಟೊವನ್ನೂ ಗಂಟೆ ನಿಮಿಷದ ಹೆಸರಿಟ್ಟು ಬೇರೆ ಬೇರೆ ಫೈಲಾಗಿ ಇಡುತ್ತಿದ್ದೆ. ಒಂದು ಪಾಠಕ್ಕೆ 34,560. ಮೂರು ಬ್ಯಾಚಿಗೆ ದಿನಕ್ಕೆ ಒಂದು ಲಕ್ಷದ ಮೇಲೆ. ವಾರಕ್ಕೆ ಆರು ದಿನ, ನಾಲ್ಕು ವಾರ. ಲೆಕ್ಕ ಚೊಕ್ಕ. ಫೋಟೊ 60 ಕೆಬಿಯೇ ಇದ್ದಿದ್ದರೆ ಮೊದಲು ಜಾಗ ತುಂಬಿ ಎಂದೋ ಗೊತ್ತಾಗುತ್ತಿತ್ತು. ಸಣ್ಣದು ಮಾಡಿದ್ದಕ್ಕೇ ಈ ಕಡೆಯಿಂದ ಹೊಡೆತ ಬಿತ್ತು.

ಅಳಿಸಲು ಹೋದರೆ ಆರ್‌ಎಂ ಅನ್ನುವ ಅಳಿಸುವ ಕಮ್ಯಾಂಡ್ ಕೂಡ ಕೈಯೆತ್ತಿತು. ಪಟ್ಟಿ ಬಹಳ ಉದ್ದ ಅಂತ. ಫೈಂಡ್ ಕಮ್ಯಾಂಡಿಗೆ ಅಳಿಸುವ ಕೆಲಸ ಕೊಟ್ಟು ಊಟಕ್ಕೆ ಹೋದೆ. ವಾಪಸು ಬಂದು ಕೈ ತೊಳೆದು ನೋಡಿದರೂ ಇನ್ನೂ ಅಳಿಸುತ್ತಲೇ ಇತ್ತು.

ಅದು ಓಡುತ್ತಿರುವಾಗ ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಷ್ಟು ಫೋಟೊ ಇಟ್ಕೊಂಡು ಎಂತ ಮಾಡ್ತಿದ್ದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡಬಹುದಿತ್ತು, ಇಟ್ಟೆ. 18 ತುಂಬದ ಮಕ್ಕಳ 24 ಲಕ್ಷ ಫೋಟೊಗಳು, ಅವರವರ ಮನೆ, ಹಾಸಿಗೆ, ಹಿಂದೆ ಓಡಾಡುವ ಅಜ್ಜಿ ಸಮೇತ, ನನ್ನ ಬಾಡಿಗೆ ಡಿಸ್ಕಿನಲ್ಲಿ ಬಿದ್ದಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರ ಒಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಪಾಠದ ಹೊತ್ತಿಗೆ ಮುಖ ಕಾಣುತ್ತದೆ ಅಂತ ಮೇಷ್ಟ್ರು ಮನೆಯವರಿಗೆ ಹೇಳಿದ್ದರು. ಕೂಡಿಡುತ್ತೇವೆ ಅಂತ ಯಾರೂ ಹೇಳಿರಲಿಲ್ಲ. ಕಾಯ್ದೆ ಹಾಗಿರಲಿ, ನನಗೇ ಮೈ ಜುಮ್ ಅಂದಿತು.

ಅವತ್ತೇ ರಾತ್ರಿ ಡಿಸ್ಕಿಗೆ ಬರೆಯುವ ಸಾಲು ತೆಗೆದೆ. ಈಗ ಫೋಟೊಗಳು ರೆಡಿಸ್‌ನಲ್ಲಿ, ಅಂದರೆ ಬರೀ ರ‍್ಯಾಮ್‌ನಲ್ಲಿ ಇರುತ್ತವೆ. ಅದು ಡಿಸ್ಕಿಗೆ ನಕಲು ಇಡುವುದನ್ನೂ ನಿಲ್ಲಿಸಿದ್ದೇನೆ. ಪ್ರತಿ ಫೋಟೊಗೂ 40 ಸೆಕೆಂಡಿನ ಆಯುಸ್ಸು. ಹೊಸದು ಬಂದರೆ ಹಳೆಯದರ ಮೇಲೆ ಕೂರುತ್ತದೆ, ಬರದಿದ್ದರೆ ತಾನಾಗಿ ಅಳಿಯುತ್ತದೆ. ಬೂದಿ ಚೌಕಕ್ಕೆ ಅಂತ ಬರೆದಿದ್ದ ಕೋಡೂ ಬೇಡವಾಯಿತು. ಫೋಟೊ ಇಲ್ಲ ಅಂದರೆ ಬೂದಿ, ಅಷ್ಟೇ. 64 ಮಕ್ಕಳದ್ದು ಸೇರಿ ಯಾವ ಹೊತ್ತಿಗೂ ಅರ್ಧ ಎಂಬಿ ದಾಟುವುದಿಲ್ಲ. ನಾನು 24 ಲಕ್ಷ ಫೈಲ್ ತುಂಬಿಸಿಕೊಂಡು ಒದ್ದಾಡಿದ್ದು ಇದಕ್ಕೆ.

ವಿಎಂಸ್ಟ್ಯಾಟ್ ಈಗ ನೋಡಲು ಬೇಜಾರು ತರಿಸುತ್ತದೆ. ಒಂದೇ ಸಮ ಸಾಲುಗಳು. ವಿಡಿಯೊಬ್ರಿಡ್ಜ್ ತನ್ನ ಕೆಲಸ ತಾನು ಮಾಡಿಕೊಂಡಿದೆ, ಧ್ವನಿ ಕಡಿದ ದೂರು ಬಂದಿಲ್ಲ. ಮಳೆಗೆ ಕರೆಂಟ್ ಹೋದದ್ದರ ದೂರು ಬರುತ್ತದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಮೊನ್ನೆ ಸೋಮವಾರ ಬೆಳಗಿನ ಬ್ಯಾಚಿಗೆ ಒಬ್ಬಳು ಹೊಸ ಹುಡುಗಿ ಸೇರಿದಳು. 65ನೆಯವಳು. ಹಾಳೆಯಲ್ಲಿರುವುದು 64 ಚೌಕ, ಹಾಗಾಗಿ ಅವಳು ಹೋಗಿ ಮೊದಲ ಚೌಕದ ಹುಡುಗನ ಮೇಲೆಯೇ ಕೂತಳು. ಮೇಷ್ಟ್ರು ಅವನ ಹೆಸರು ಕರೆದರೆ ಪರದೆಯಲ್ಲಿ ಎರಡು ಜಡೆಯ ಹುಡುಗಿ. ಇವತ್ತು ರಾತ್ರಿ ಒಂಬತ್ತನೇ ಸಾಲು ಹಾಕಬೇಕು.